ಪುಕೆಕೊಹೆಯಿಂದ ಎಕ್ಸ್‌ಟರ್ನಲ್

೨೦೧೪ ಫೆಬ್ರುವರಿ ೯, ಭಾನುವಾರ

ರಟ್ಟಿನ ಪೆಟ್ಟಿಗೆಯ ಕಂಪನಿಯವರು ಪ್ರತಿ ವರ್ಷ ಪುಕ್ಕಟೆ ಕೊಡುವ ಡೈರಿ ಇದು. ಇಷ್ಟು ವರ್ಷ ಬಂದ ಹಾಗೆಯೇ ಮಗಳು ಲಾಸ್ಯಾಳ ಕೈಗೆ ಹೋಗುತ್ತಿತ್ತು, ಅವಳು ಹಾಳೆ ತುಂಬ ಕುದುರೆ ಬರೆಯುತ್ತಿದ್ದಳು. ಈ ಸಲ ನಾನೇ ಇಟ್ಟುಕೊಂಡೆ. ಹೊಟ್ಟೆಯಲ್ಲಿ ಸಿಟ್ಟಿದೆ, ಅದನ್ನು ಎಲ್ಲಾದರೂ ಇಳಿಸಬೇಕು.

ನೈರಿ ಪುಕೆಕೊಹೆಯಲ್ಲಿ ಈರುಳ್ಳಿ ವಿಂಗಡಿಸಿ ಹಡಗಿಗೆ ಕಳಿಸುವ ನಮ್ಮ ಪ್ಯಾಕ್‌ಹೌಸಿಗೆ ಮ್ಯಾನೇಜರ್ ಆಗಿ ಬಂದು ಒಂದೂವರೆ ವರ್ಷವಾಯಿತು. ಒಂದು ದಿನವೂ ಬಾಗಿಲು ಮುಚ್ಚಿ ಮಾತಾಡಿದವಳಲ್ಲ. ಮೊನ್ನೆ ಶುಕ್ರವಾರ ಮುಚ್ಚಿದಳು. ಈರುಳ್ಳಿ ತುಂಬುವ ದೊಡ್ಡ ಮರದ ಬಿನ್ನುಗಳಲ್ಲಿ ಯಾವುದು ಯಾವ ಹೊಲದ್ದು, ಯಾವಾಗ ಒಣಗಿತು, ಯಾವ ಹಡಗಿಗೆ ಹೋಯಿತು ಎಂದು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವ ನನ್ನ ಕೆಲಸ ಇಷ್ಟು ದಿನ ತಾತ್ಕಾಲಿಕ. ವರ್ಷದ ಕೊನೆಗೆ ಅದನ್ನು ಕಾಯಂ ಮಾಡುತ್ತಾರಂತೆ. ಸಿಸ್ಟಮ್ಸ್ ಲೀಡ್ ಎಂದು ಹೆಸರು. ಕೇಳಿ ನನ್ನ ಮುಖ ಅರಳುವುದರೊಳಗೆ ಅವಳು ಮುಂದಿನ ಮಾತನ್ನೂ ಹೇಳಿಬಿಟ್ಟಳು. ಹೆಡ್ ಆಫೀಸಿನವರು ಡಿಗ್ರಿ ಕೇಳುತ್ತಿದ್ದಾರೆ, ಬಿಸಿನೆಸ್ ಕಂಪ್ಯೂಟಿಂಗ್ ಅಥವಾ ಅಂಥದ್ದೇ ಇನ್ನೊಂದು. "ನೀನು ಅರ್ಜಿ ಹಾಕಬೇಕು ಅಂತ ನನಗೆ ಆಸೆ, ಶಿವಾನಿ. ಆದರೆ ಅದೊಂದು ಇಲ್ಲದಿದ್ದರೆ ಅವರು ನಿನ್ನ ಹೆಸರನ್ನೂ ನೋಡುವುದಿಲ್ಲ."

ಅಂದರೆ ಬೇರೆ ಯಾರೋ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತಾರೆ, ಅವರಿಗೆ ಕೆಲಸ ಕಲಿಸುವವಳು ನಾನು. ನನ್ನದು ಗದಗಿನಲ್ಲಿ ಎರಡು ವರ್ಷದ ಬಿ.ಕಾಂ. ಮೂರನೆಯ ವರ್ಷದಲ್ಲಿ ಮದುವೆಯಾಯಿತು.

ಇವತ್ತು ಆಕ್ಲೆಂಡಿನ ಬಾಟನಿ ಡೌನ್ಸ್‌ಗೆ, ತಾರಾಳ ಮನೆಗೆ ಊಟಕ್ಕೆ ಹೋಗಿದ್ದೆವು. ತಾರಾ ಮೈಸೂರಿನವಳು, ಓದಲೆಂದು ನ್ಯೂಜಿಲೆಂಡಿಗೆ ಬಂದು ಇಲ್ಲೇ ಬ್ಯಾಂಕಿನ ಕೆಲಸ ಹಿಡಿದು ನೆಲೆಯಾದವಳು. ಊಟದ ನಡುವೆ ಇವರು ಎಂದಿನಂತೆ ಈರುಳ್ಳಿ ಸಿಸ್ಟಮ್ಮಿನ ಕಥೆ ತೆಗೆದರು. "ಪ್ಯಾಕ್‌ಹೌಸಿಗೆ ಒಂದು ಸಿಸ್ಟಮ್ ಮಾಡಿಕೊಟ್ಟೇವ್ರಿ. ಮೊದಲ ಎಲ್ಲಾ ಚೀಟಿ ಮ್ಯಾಲೆ ಬರೀತಿದ್ರು." ಎಲ್ಲರೂ ಇವರ ಕಡೆ ನೋಡಿ ತಲೆದೂಗಿದರು. ಇವರು ಇಲ್ಲಿಯ ನಗರಸಭೆಯಾದ ಕೌನ್ಸಿಲ್ಲಿನ ನೀರಿನ ವಿಭಾಗದಲ್ಲಿ ಇಂಜಿನಿಯರು, ಹಾಗಾಗಿ ಕೇಳಿದವರಿಗೆ ಅನುಮಾನವೇ ಬರುವುದಿಲ್ಲ. ನಾನೂ "ಎಲ್ಲಾ ಇವರದ ಮಾರ್ಗದರ್ಶನ" ಎಂದು ಹೇಳಿ ಹಪ್ಪಳ ಬಡಿಸಿದೆ.

ಪಾತ್ರೆ ತೊಳೆಯುವಾಗ ತಾರಾಳ ಹತ್ತಿರ ಡಿಗ್ರಿಯ ಗೋಳು ಹೇಳಿಕೊಂಡೆ. "ಅಯ್ಯೋ, ಅದಕ್ಕೆ ಕಾಲೇಜಿಗೆ ಯಾಕೆ ಹೋಗ್ತೀಯಾ?" ಎಂದಳು. "ಪರೀಕ್ಷೆ ಬರ್ದು ಬರ್ದು ಕ್ರೆಡಿಟ್ ಗುಡ್ಡೆ ಹಾಕೋದು, ಸಾಕಷ್ಟಾದ್ಮೇಲೆ ಅಮೆರಿಕಾದ ಒಂದು ಯೂನಿವರ್ಸಿಟಿ ಡಿಗ್ರಿ ಕೊಡತ್ತೆ. ನಮ್ಮ ಬ್ರ್ಯಾಂಚಲ್ಲಿ ಒಬ್ರು ಹಂಗೇ ಮಾಡ್ಕೊಂಡ್ರು ಕಣೇ. ಗೊತ್ತಿರೋದನ್ನ ಗೊತ್ತು ಅಂತ ತೋರಿಸಿದ್ರೆ ಆಯ್ತು."

ಅಷ್ಟೇ ಆದರೆ ಕಷ್ಟವೇನಿಲ್ಲ. ಇವರನ್ನು ಕೇಳಿ ನೋಡಬೇಕು.

ಮಾರ್ಚ್ ೨, ಭಾನುವಾರ

ಇವರು "ಮಾಡು, ಮನೀಗೆ ತ್ರಾಸ ಆಗಬಾರದು ಅಷ್ಟ" ಎಂದರು. ಇವರ ಮಟ್ಟಿಗೆ ಇದು ದೊಡ್ಡ ಪ್ರೋತ್ಸಾಹ.

ಯೂನಿವರ್ಸಿಟಿಯವರು ನನ್ನ ಹಳೇ ಬಿ.ಕಾಂ.ನ ಬಹಳಷ್ಟು ವಿಷಯಗಳನ್ನು ಒಪ್ಪಿಕೊಂಡಿದ್ದಾರೆ! ಇಷ್ಟು ವರ್ಷ ಟ್ರಂಕಿನ ತಳದಲ್ಲಿ ಬಿದ್ದಿದ್ದ ಅಂಕಪಟ್ಟಿಗಳಿಗೆ ಅಮೆರಿಕದಲ್ಲಿ ಇಷ್ಟು ಮರ್ಯಾದೆ ಇದೆ ಎಂದು ಕನಸಲ್ಲೂ ಎಣಿಸಿರಲಿಲ್ಲ. ಉಳಿದವುಗಳಲ್ಲಿ ಕೆಲವಕ್ಕೆ ಆಕ್ಲೆಂಡಿನ ಕೇಂದ್ರದಲ್ಲಿ ಪರೀಕ್ಷೆ, ಕೆಲವಕ್ಕೆ ಮನೆಯಲ್ಲೇ ಕ್ಯಾಮೆರಾ ಮುಂದೆ ಪರೀಕ್ಷೆ, ಒಂದಷ್ಟಕ್ಕೆ ಇಂಟರ್ನೆಟ್ಟಿನ ಕೋರ್ಸುಗಳು. ಕೊನೆಯದು ಮಜವಾಗಿದೆ. ಕೆಲಸದಲ್ಲಿ ಏನು ಕಲಿತೆ ಎಂದು ಬರೆದು ಕಳಿಸಬೇಕು, ಅವರು ಓದಿ, ಕಲಿತದ್ದು ಹೌದೆನಿಸಿದರೆ ಅದಕ್ಕೂ ಕ್ರೆಡಿಟ್. ಅದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಇಂಥ ಡಿಗ್ರಿ ನಡೆಯುತ್ತದೆಯೇ ಎಂದು ನೈರಿ ಹೆಡ್ ಆಫೀಸನ್ನು ಕೇಳಿದಳು. ಮಾನ್ಯತೆ ಇರುವ ಯೂನಿವರ್ಸಿಟಿಯಾದರೆ ಸರಿ, ವರ್ಷದೊಳಗೆ ಮುಗಿಯಬೇಕು ಎಂದರಂತೆ.

ನಮ್ಮ ಜೊತೆಗೇ ಇರುವ ಅತ್ತೆಗೆ ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು. "ಸಾಲಿಗಿ ಹೋಗಂಗಿಲ್ಲ, ಮಾಸ್ತರ ಇಲ್ಲ, ಬೆಂಚ್ ಇಲ್ಲ. ಡಿಗ್ರಿ ಹ್ಯಾಂಗ ಬರತೈತಿ?"

"ಎಕ್ಸ್‌ಟರ್ನಲ್ ರೀ ಅತ್ತಿ."

"ಹಾಂ! ಎಕ್ಸ್‌ಟರ್ನಲ್ ಅನ್ನು ಮತ್ತ!" ಸಂಜೆಯೊಳಗೆ ಜಮಖಂಡಿಯ ಅರ್ಧ ಊರಿಗೆ ಫೋನ್ ಹೋಗಿದೆ. "ನಮ್ಮ ಸೊಸಿ ಅಮೆರಿಕಾಕ್ಕ ಎಕ್ಸ್‌ಟರ್ನಲ್ ಕಟ್ಯಾಳ." ಈಗ ಬಿಡುವ ಹಾಗೂ ಇಲ್ಲ. ಫೇಲಾದರೆ ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲೂ ನನ್ನ ಮಾನ ಹೋಗುತ್ತದೆ.

ಏಪ್ರಿಲ್ ೧೨, ಶನಿವಾರ

ಪಾಸ್! ಅಮೆರಿಕದ ಇತಿಹಾಸ!

ಪುಕೆಕೊಹೆಯ ಈರುಳ್ಳಿಗೂ ಅಮೆರಿಕದ ಅಂತರ್ಯುದ್ಧಕ್ಕೂ ಏನು ಸಂಬಂಧ ಎಂದು ಕೇಳಬಾರದು. ಡಿಗ್ರಿ ಬೇಕಾದರೆ ಅದೂ ಬೇಕಂತೆ. ತಿಂಗಳಿಡೀ ಊಟದ ವಿರಾಮದಲ್ಲಿ ಅವರ ಅಧ್ಯಕ್ಷರನ್ನು ಒಬ್ಬೊಬ್ಬರಾಗಿ ಬಾಯಿಪಾಠ ಮಾಡಿದೆ. ನನ್ನ ಪಕ್ಕದಲ್ಲಿ ಕೂತು ಪೈ ತಿನ್ನುತ್ತಿದ್ದ ಫೋರ್ಕ್‌ಲಿಫ್ಟ್ ಹುಡುಗರಿಗೂ ಈಗ ಹತ್ತು ಹದಿನೈದು ಜನ ಗೊತ್ತು. ಕಂಪ್ಯೂಟರ್ ಮುಂದೆ ಕೂತು ಕೊನೆಯ ಬಟನ್ ಒತ್ತಿದ ಕೂಡಲೇ ಫಲಿತಾಂಶ ಬರುತ್ತದೆ. ನಾನು ಕಣ್ಣು ಮುಚ್ಚಿಕೊಂಡು ಒತ್ತಿದೆ, ಆಮೇಲೆ ಒಂದೇ ಕಣ್ಣು ತೆರೆದೆ.

ಬರುವಾಗ ಕಾರಿನಲ್ಲಿ ಜೋರಾಗಿ ಹಾಡಿದೆ. ಮದುವೆಯಾದ ಮೇಲೆ ಹಾಗೆ ಹಾಡಿದ್ದು ನೆನಪಿಲ್ಲ.

ಮೇ ೩, ಶನಿವಾರ

ಇವತ್ತು ಮನೆಯಲ್ಲೇ ಪರೀಕ್ಷೆ. ವಿಷಯ ಮ್ಯಾನೇಜ್‌ಮೆಂಟ್ ಇನ್ಫರ್ಮೇಶನ್ ಸಿಸ್ಟಮ್ಸ್. ಎಲ್ಲೋ ದೂರದ ದೇಶದಲ್ಲಿ ಕೂತ ಮೇಲ್ವಿಚಾರಕ ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಿರುತ್ತಾನೆ. ಮೊದಲು ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ ತೋರಿಸು ಎಂದ. ತೋರಿಸಿದೆ. ಮೇಜಿನ ಕೆಳಗೆ ತೋರಿಸು ಎಂದ. ತೋರಿಸಿದೆ. ಅಲ್ಲಿ ಲಾಸ್ಯಾಳ ಒಂದು ಕಾಲುಚೀಲ ಇತ್ತು. ಅಷ್ಟರಲ್ಲಿ ಬಾಗಿಲು ತೆರೆದು ಅತ್ತೆಯ ತಲೆ ಒಳಗೆ ಬಂತು.

"ಅಂವನೇನ ಮೇಲ್ವಿಚಾರಕ? ಭಾಳ ಸೊರಗ್ಯಾನ. ಊಟಾ ಆಗೇತೇನು ಕೇಳು."

"ಅತ್ತಿ, ಮಾತಾಡಬಾರದ್ರಿ!"

"ಊಟಾ ಕೇಳಿದ್ರ ಕಾಪಿ ಹೊಡದಂಗ ಆತೇನು?"

ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ಬಚಾವಾದೆ. ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಕ್ಕು, ಊಟ ಆಗಿದೆ ಎಂದು ಅಮ್ಮನಿಗೆ ತಿಳಿಸಿ ಎಂದ. ಅತ್ತೆಗೆ ಸಮಾಧಾನವಾಗಿ ಬಾಗಿಲು ಹಾಕಿಕೊಂಡು, ಹೊರಗೆ ಕಾವಲು ಕೂತರು. ಇವರು ಏನೋ ಕೇಳಲು ಬಂದಾಗ ಬಾಗಿಲಲ್ಲೇ ತಡೆದು ಕಳಿಸಿದ್ದು ಒಳಗೆ ನನಗೂ ಕೇಳಿಸಿತು. ಪಾಸಾದೆ.

ಜೂನ್ ೨೯, ಭಾನುವಾರ

ಹಣಕಾಸು ಫೇಲ್. ಬಿ.ಕಾಂ. ಓದಿದವಳು ನಾನು. ಚಳಿ. ಬಟ್ಟೆ ಒಣಗುತ್ತಿಲ್ಲ. ಇವರಿಗೆ ಹೇಳಿದರೆ "ನಿನಗ್ಯಾಕ ಬೇಕಿತ್ತು ಇದು" ಎಂದರು. ಇರಬಹುದು.

ಜುಲೈ ೬, ಭಾನುವಾರ

ಹಣಕಾಸಿಗೆ ಬದಲಿ ಇಂಟರ್ನೆಟ್ ಕೋರ್ಸಿದೆ, ಅದನ್ನು ಮಾಡಿದರೂ ಅದೇ ಕ್ರೆಡಿಟ್. ಒಂದು ಬಾಗಿಲು ಮುಚ್ಚಿದರೆ ಹಿತ್ತಲಿಂದ ಬನ್ನಿ ಎನ್ನುವ ಈ ಪದ್ಧತಿ ನನಗೆ ಬಹಳ ಹಿಡಿಸಿದೆ. ಅತ್ತೆ ರಾತ್ರಿಯ ರೊಟ್ಟಿಯ ಕೆಲಸ ತಾವೇ ವಹಿಸಿಕೊಂಡಿದ್ದಾರೆ. ಕೇಳಿದರೆ "ನೀ ತಟ್ಟಿದ ರೊಟ್ಟಿ ನ್ಯೂಜಿಲೆಂಡಿನ ನಕಾಶೆ ಆದಂಗ ಆಗತಾವ" ಎಂದರು.

ಆಗಸ್ಟ್ ೧೭, ಭಾನುವಾರ

ಎಲ್ಲ ಪರೀಕ್ಷೆಗಳೂ ಕೋರ್ಸುಗಳೂ ಮುಗಿದವು. ಉಳಿದದ್ದು ಪೋರ್ಟ್‌ಫೋಲಿಯೊ ಒಂದೇ. ಸಿಸ್ಟಮ್ ವಿನ್ಯಾಸ ಮತ್ತು ಡೇಟಾಬೇಸ್, ಎರಡಕ್ಕೂ ಸೇರಿಸಿ ನಮ್ಮ ಈರುಳ್ಳಿ ಸಿಸ್ಟಮ್ಮನ್ನೇ ಬರೆದು ಕಳಿಸಿದೆ.

ಚೆನ್ನಾಗಿ ಬಂದಿದೆ ಎಂದು ನನಗೇ ಅನಿಸಿತು. ಆರಂಭದಲ್ಲೇ ಒಂದು ಪೂರ್ತಿ ಪುಟ ಕೃತಜ್ಞತೆ. ಗದಗಿನ ಕಾಲೇಜಿನ ಗುರುಗಳು, ನನಗೆ ಅವಕಾಶ ಕೊಟ್ಟ ಹಳೇ ಮ್ಯಾನೇಜರು, ಈಗಿನ ನೈರಿ, ಹೊತ್ತಿಗೆ ಸರಿಯಾಗಿ ಚಹಾ ಕೊಟ್ಟ ಅತ್ತೆ. ನಂತರ ಪ್ರತಿ ಅಧ್ಯಾಯದಲ್ಲೂ ಇವರ ಮಾರ್ಗದರ್ಶನವನ್ನು ಸ್ಮರಿಸಿದ್ದೇನೆ. ನಮ್ಮ ಕಡೆ ಹಾಗಲ್ಲದೆ ಬರೆದರೆ ಎಷ್ಟು ಸೊಕ್ಕು ನೋಡು ಎನ್ನುತ್ತಾರೆ. ಜೊತೆಗೆ ಮೇಲಧಿಕಾರಿಯ ಪತ್ರ ಬೇಕಿತ್ತು. ನೈರಿ ಬಹಳ ಚೆನ್ನಾಗಿ ಬರೆದುಕೊಟ್ಟಳು. "ಶಿವಾನಿ ತನ್ನ ಇಂಜಿನಿಯರ್ ಪತಿಯ ಉದಾರ ನೆರವಿನಿಂದ ರೂಪಿಸಿದ ಈ ವ್ಯವಸ್ಥೆ..." ಎಂದು ಶುರುವಾಗುತ್ತದೆ. ಇವರಿಗೆ ಓದಿ ಹೇಳಿದೆ. ಮೀಸೆಯಡಿ ನಕ್ಕರು.

ಸೆಪ್ಟೆಂಬರ್ ೨೦, ಶನಿವಾರ

ಇವತ್ತು ಚುನಾವಣೆ. ಬೆಳಿಗ್ಗೆ ಲಾಸ್ಯಾಳ ಶಾಲೆಯಲ್ಲಿ ಓಟು ಹಾಕಿ ಬಂದು ಈಮೇಲ್ ತೆರೆದೆ. ಪೋರ್ಟ್‌ಫೋಲಿಯೊ ವಾಪಸ್ಸು.

ಮೌಲ್ಯಮಾಪಕರ ಮಾತನ್ನು ಹಾಗೇ ಕನ್ನಡಕ್ಕೆ ಇಳಿಸುತ್ತೇನೆ. "ಕೆಲಸ ಉತ್ತಮ ಮಟ್ಟದ್ದು. ಆದರೆ ಮಾಡಿದವರು ಯಾರೆಂದು ಈ ಬರಹದಿಂದ ತಿಳಿಯುವುದಿಲ್ಲ. ಮೇಲಧಿಕಾರಿಯ ಪತ್ರವನ್ನೂ ಓದಿದ ಮೇಲೆ, ಕ್ರೆಡಿಟ್ಟನ್ನು ಅಭ್ಯರ್ಥಿಯ ಪತಿಗೆ ಕೊಡಬಹುದು ಎನಿಸಿತು." ಒಂದು ಸಲ ತಿದ್ದಿ ಕಳಿಸಲು ಅವಕಾಶ ಇದೆ. ಅಕ್ಟೋಬರ್ ಮುಗಿಯುವುದರೊಳಗೆ, ಹೊಸ ಪತ್ರದ ಜೊತೆ.

ಪತಿಗೆ ಕೊಡಬಹುದಂತೆ! ಪತಿಗೆ!

ಮೂರು ಸಲ ಓದಿದೆ. ಮೊದಲು ಅವಮಾನ ಆಯಿತು, ಆಮೇಲೆ ನಗು ಬಂತು, ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಮೂರು ಬೇಸಿಗೆ ಆ ಶೆಡ್ಡಿನಲ್ಲಿ ಧೂಳು ಕುಡಿಯುತ್ತ ಒಂದೊಂದು ಬಿನ್ನಿಗೂ ಲೇಬಲ್ ಅಂಟಿಸಿ ಸಿಸ್ಟಮ್ ಓಡಿಸಿ ನೋಡಿದವಳು ನಾನು. ಒಂದು ಸಲ ಹಡಗಿನ ಮಾಲು ಕೊಳೆತಿದೆ ಎಂದು ದೂರು ಬಂದಾಗ, ಅದು ಯಾವ ಹೊಲದ ಯಾವ ಮೂಲೆಯದ್ದು ಎಂದು ಕೂತಲ್ಲೇ ಹೇಳಿದವಳು ನಾನು. ಅದನ್ನೆಲ್ಲ ಓದಿ ಆ ಮಹಾನುಭಾವನಿಗೆ ಕಂಡದ್ದು ನನ್ನ ಗಂಡ. ಸಿಟ್ಟು ಯಾರ ಮೇಲೆ ಮಾಡಲಿ? ಕಾಣುವ ಹಾಗೆ ಬರೆದವಳೂ ನಾನೇ.

ಸೆಪ್ಟೆಂಬರ್ ೨೪, ಬುಧವಾರ

ನೈರಿಯ ಹತ್ತಿರ ಹೋಗಿ, ಪತ್ರ ಬದಲಿಸಿ ಕೊಡು, ಇದನ್ನು ಮಾಡಿದ್ದು ನಾನೊಬ್ಬಳೇ ಎಂದೆ. ಅವಳು ಚಹಾದ ಮಗ್ಗು ಕೆಳಗಿಟ್ಟಳು.

"ಶಿವಾನಿ, ನಾನು ಬಂದಾಗಿನಿಂದ ಸ್ಯಾಮ್ ಮಾಡಿದ್ದು ಅಂತ ನೀನೇ ಹೇಳುತ್ತಿದ್ದೀಯಲ್ಲ?"

ಸಂಗಮೇಶ್ ಎಂಬ ಹೆಸರು ನಾಲಿಗೆಗೆ ಹೊರಳದೆ ಅವಳು ಇವರನ್ನು ಸ್ಯಾಮ್ ಎನ್ನುತ್ತಾಳೆ. ಹೌದು, ಹಾಗೆ ಹೇಳುವುದು ನಮ್ಮಲ್ಲಿ ಮರ್ಯಾದೆ ಎಂದೆ. ಮೊದಲಿದ್ದ ಮ್ಯಾನೇಜರಿಗೆ ಹೆಂಗಸು ಮಾಡಿದ ಲೆಕ್ಕದ ಮೇಲೆ ನಂಬಿಕೆ ಇರಲಿಲ್ಲ, ನಮ್ಮ ಯಜಮಾನರು ನೋಡಿ ಸರಿ ಅಂದಿದ್ದಾರೆ ಎಂದ ಕೂಡಲೇ ಒಪ್ಪಿಕೊಂಡರು, ಅವತ್ತಿನಿಂದ ಅದೇ ರೂಢಿಯಾಯಿತು ಎಂದೂ ಹೇಳಿದೆ. ನೈರಿ ಕಂಪ್ಯೂಟರಿನಲ್ಲಿ ತನ್ನ ಹಳೇ ಪತ್ರ ತೆರೆದಳು.

"ನಾನು ನಿನ್ನನ್ನು ನಂಬುತ್ತೇನೆ. ಆದರೆ ಒಮ್ಮೆ ಹೀಗೆ ಒಮ್ಮೆ ಹಾಗೆ ಬರೆದು ಸಹಿ ಹಾಕಲಿಕ್ಕೆ ಆಗುವುದಿಲ್ಲ. ಸ್ಯಾಮ್ ಬಾಯಿಂದ ಒಂದು ಮಾತು ಕೇಳಿದರೆ ಸಾಕು. ಅಕ್ಟೋಬರ್ ಹನ್ನೊಂದಕ್ಕೆ ಇಲ್ಲಿ ಬಾರ್ಬೆಕ್ಯೂ ಇದೆಯಲ್ಲ, ಮನೆಯವರನ್ನೆಲ್ಲ ಕರೆದುಕೊಂಡು ಬಾ."

ತಪ್ಪು ಅವಳದಲ್ಲ. ಅದಕ್ಕೇ ಇನ್ನೂ ಉರಿಯುತ್ತದೆ.

ಸೆಪ್ಟೆಂಬರ್ ೨೮, ಭಾನುವಾರ

ಇವರಿಗೆ ಹೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, "ಇಬ್ಬರೂ ಕೂಡಿ ಮಾಡೇವಿ ಅಂತ ಬರಿ. ಅದರಾಗೇನೈತಿ?" ಎಂದರು.

"ಕೂಡಿ ಅಂದ್ರ ನೀವು ಯಾವುದು ಮಾಡೀರಿ?"

"ಐಡಿಯಾ ನಂದು."

"ಯಾವ ಐಡಿಯಾ ರೀ?"

"ಅಲ್ಲಾ, ಚೀಟಿ ಬಿಟ್ಟು ಕಂಪ್ಯೂಟರ್‌ನ್ಯಾಗ ಹಾಕ್ರಿ ಅಂತ ಮೊದಲ ಹೇಳಿದಾಂವ ಯಾರು? ಮತ್ತ ಪ್ರಿಂಟರ್‌ದ ವೈರ್ ಹಾಕಿಕೊಟ್ಟಾಂವ ಯಾರು?"

ವೈರ್ ಹಾಕಿದ್ದು ನಿಜ. ಅದಕ್ಕೆ ನಾನು ಆವತ್ತೇ ಥ್ಯಾಂಕ್ಸ್ ಹೇಳಿದ್ದೆ. ನೈರಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದೆ. "ನೋಡೂಣು" ಎಂದು ಟಿವಿಯ ದನಿ ಏರಿಸಿದರು. ನನಗೆ ಭಯವಾಗಿದೆ. ಮಂದಿಯ ಮುಂದೆ "ಕೂಡಿ ಮಾಡೇವಿ" ಎಂದುಬಿಟ್ಟರೆ ವರ್ಷದ ಓದೆಲ್ಲ ನೀರುಪಾಲು, ಕೆಲಸವೂ ಹೋದಂತೆ.

ಅಕ್ಟೋಬರ್ ೫, ಭಾನುವಾರ

ಪೋರ್ಟ್‌ಫೋಲಿಯೊ ಮೊದಲಿನಿಂದ ಬರೆಯುತ್ತಿದ್ದೇನೆ. ಕೃತಜ್ಞತೆಯ ಪುಟ ತೆಗೆದೆ. ಚಹಾ ಹೋಯಿತು, ಗುರುಗಳೂ ಹೋದರು. "ನಾನು ಮಾಡಿದೆ" ಎಂದು ಬರೆದಾಗಲೆಲ್ಲ ಯಾರೋ ಹಿಂದಿನಿಂದ ನೋಡುತ್ತಿರುವಂತೆ ಎನಿಸಿ ಎರಡು ಸಲ ತಿರುಗಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ರೂಢಿಯಾಯಿತು. ಸಂಜೆಯ ಹೊತ್ತಿಗೆ ಬರೆಯಲು ಜಾಗ ಸಾಲದಾಯಿತು. ಎಷ್ಟೆಲ್ಲ ಮಾಡಿದ್ದೇನೆ! ನನಗೇ ಮರೆತುಹೋಗಿತ್ತು. ಮೊದಲ ವರ್ಷ ಲೇಬಲ್ ಒದ್ದೆಯ ಬಿನ್ನಿಗೆ ಅಂಟದೆ ಉದುರುತ್ತಿದ್ದದ್ದು, ಎರಡು ಹೊಲಗಳಿಗೆ ಒಂದೇ ಅಂಕಿ ಬಿದ್ದು ಫಜೀತಿಯಾದದ್ದು, ಅದನ್ನು ಸರಿಮಾಡಲು ಭಾನುವಾರಗಳಂದು ಒಬ್ಬಳೇ ಶೆಡ್ಡಿನಲ್ಲಿ ಕೂತದ್ದು, ಎಲ್ಲ ಬಂತು.

ಸಂಗಮೇಶ್ ಊಟಕ್ಕೆ ಕರೆದರು. ಈ ಪುಟ ಮುಗಿಸಿ ಬರುತ್ತೇನೆ, ನೀವು ಮಾಡಿಬಿಡಿ ಎಂದೆ. ಅನ್ನ ಆರಿಹೋಗಿತ್ತು, ಆದರೂ ಚೆನ್ನಾಗಿತ್ತು.

ಅಕ್ಟೋಬರ್ ೧೧, ಶನಿವಾರ

ಬಾರ್ಬೆಕ್ಯೂ ಮುಗಿಸಿಕೊಂಡು ಈಗ ಬಂದೆವು.

ಪ್ಯಾಕ್‌ಹೌಸಿನ ಹಿಂದಿನ ಹುಲ್ಲಿನ ಮೇಲೆ ಎಲ್ಲರೂ ಸೇರಿದ್ದರು. ಬಂದವರೆಲ್ಲ ಒಂದೊಂದು ತಿಂಡಿ ತರುವುದು ಇಲ್ಲಿಯ ರೂಢಿ. ನಾನು ಮಿರ್ಚಿ ಭಜಿ ಒಯ್ದಿದ್ದೆ, ಇಡುವುದರೊಳಗೆ ಖಾಲಿ. ನಮಗೆಂದೇ ನೈರಿ ಬೇರೆ ಒಲೆಯ ಮೇಲೆ ಮೆಕ್ಕೆಜೋಳ ಸುಡಿಸಿದ್ದಳು. ಅತ್ತೆ ಸ್ವೆಟರಿನ ಮೇಲೆ ಶಾಲು ಹೊದ್ದು ಮಡಚುವ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ತೆನೆ ಕಡಿಯುತ್ತಿದ್ದರು. ಫೋರ್ಕ್‌ಲಿಫ್ಟ್ ಹುಡುಗರು ಅವರಿಗೆ ಒಬ್ಬೊಬ್ಬರಾಗಿ ಅಮೆರಿಕದ ಅಧ್ಯಕ್ಷರ ಹೆಸರು ಹೇಳಿ ತೋರಿಸುತ್ತಿದ್ದರು. ಅತ್ತೆ "ಹೂಂ, ಹೂಂ" ಎನ್ನುತ್ತಿದ್ದರು.

ನೈರಿ ಸುತ್ತಿ ಬಳಸಿ ಮಾತಾಡುವವಳಲ್ಲ. ಇಕ್ಕಳ ಹಿಡಿದುಕೊಂಡೇ ಬಂದು, "ಸ್ಯಾಮ್, ಒಂದು ಮಾತು ಕೇಳಬೇಕು. ಈರುಳ್ಳಿ ಸಿಸ್ಟಮ್ ನೀನು ಮಾಡಿದ್ದೋ, ಶಿವಾನಿ ಮಾಡಿದ್ದೋ?" ಎಂದಳು.

ಸುತ್ತಲಿದ್ದವರೆಲ್ಲ ತಿರುಗಿದರು. ಸಂಗಮೇಶ್ ತೆನೆಯನ್ನು ಬಾಯಿಂದ ಇಳಿಸಿ, ಕೌನ್ಸಿಲ್ಲಿನ ಸಭೆಯಲ್ಲಿ ಮಾತಾಡುವವರ ದನಿಯಲ್ಲಿ, "ವೆಲ್, ಅದು ಫ್ಯಾಮಿಲಿ ಎಫರ್ಟ್ ಎನ್ನಬಹುದು" ಎಂದರು.

ನೈರಿಯ ಮುಖ ಸಪ್ಪಗಾದದ್ದು ಕಾಣಿಸಿತು. ನಾನು ಸುಮ್ಮನಿರುತ್ತೇನೆ ಎಂದೇ ಅಂದುಕೊಂಡಿದ್ದೆ, ಆದರೆ ಬಾಯಿ ತಾನಾಗಿ ತೆರೆಯಿತು, ಕನ್ನಡದಲ್ಲೇ. "ಹಂಗಾದ್ರ ಬಿನ್ ಲೇಬಲ್ ಮ್ಯಾಲೆ ಮೊದಲಿನ ಎರಡು ಅಂಕಿ ಏನು ಹೇಳ್ತಾವ, ನೀವ ಹೇಳ್ರಿ."

"ಅದು... ತಾರೀಖು."

"ಅಲ್ರಿ. ಹೊಲ. ಮತ್ತ ಕಡೀಗೆ ಒಂದು ಅಕ್ಷರ ಇರತೈತಿ, ಅದು?"

ಅವರು ತೆನೆಯ ಕಡೆ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು. "ಸಂಗ್ಯಾ, ಸಾಕು ಮಾಡೋ. ಮನ್ಯಾಗ ಉಳ್ಳಾಗಡ್ಡಿ ಬುಟ್ಟಿ ಎಲ್ಲೈತಿ ಅನ್ನೂದ ನಿನಗ ಗೊತ್ತಿಲ್ಲ. ಇಷ್ಟ ದೊಡ್ಡ ಗೋಡೌನಿನ್ಯಾಗ ನೀ ಏನು ಹುಡುಕ್ತಿದ್ದಿ?"

"ಅಜ್ಜಿ ಏನಂದರು?" ಎಂದು ನೈರಿ ಕೇಳಿದಳು. ಲಾಸ್ಯಾ ಒಂದಕ್ಷರವೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಮನೆಯಲ್ಲಿ ಕನ್ನಡದಲ್ಲಿ ಒಂದು ಉತ್ತರ ಕೊಡಲು ಸತಾಯಿಸುವ ಹುಡುಗಿ! ಹುಲ್ಲಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಗಮೇಶರ ಕಿವಿ ಕೆಂಪಾಯಿತು. ಒಂದು ಗಳಿಗೆ ಎಲ್ಲಿ ಎದ್ದು ಕಾರಿನ ಕಡೆ ಹೋಗುತ್ತಾರೋ ಎಂದು ಹೆದರಿದೆ. ಹೋಗಲಿಲ್ಲ. ತೆನೆಯನ್ನು ತಟ್ಟೆಯಲ್ಲಿಟ್ಟು, ನೈರಿಯ ಕಡೆ ತಿರುಗಿ, "ಅವಳೇ ಮಾಡಿದ್ದು. ಎಲ್ಲವೂ. ನಾನು ಪ್ರಿಂಟರಿಗೆ ವೈರ್ ಹಾಕಿದೆ" ಎಂದರು.

ನೈರಿ ನನಗೆ ಕಣ್ಣು ಮಿಟುಕಿಸಿದಳು. ಸೋಮವಾರ ಪತ್ರ.

ಬರುವಾಗ ಕಾರಿನಲ್ಲಿ ಅತ್ತೆ ಒಬ್ಬರೇ ಮಾತಾಡಿದರು, ಮೆಕ್ಕೆಜೋಳದ ಬಗ್ಗೆ.

ಅಕ್ಟೋಬರ್ ೧೪, ಮಂಗಳವಾರ

ಪತ್ರ ಬಂತು. "ಈ ವ್ಯವಸ್ಥೆಯನ್ನು ಶಿವಾನಿ ಒಬ್ಬರೇ ರೂಪಿಸಿ, ಕಟ್ಟಿ, ನಡೆಸುತ್ತಿದ್ದಾರೆ." ಎಲ್ಲ ಸೇರಿಸಿ ಕಳಿಸಿಬಿಟ್ಟೆ.

ಸಂಗಮೇಶ್ ಮೂರು ದಿನ ಮುಖ ಬಿಗಿದುಕೊಂಡು ಇವತ್ತು ಬಾಯಿ ಬಿಟ್ಟರು. ನಾನು ಬಟ್ಟೆ ಮಡಚುತ್ತಿದ್ದೆ. "ನಾಲ್ಕು ಮಂದಿ ಮುಂದ ನನ್ನ ಪರೀಕ್ಷಾ ತಗೋಬಾರದಿತ್ತು ನೀ."

"ಮನ್ಯಾಗ ಕೇಳಿದ್ದೆ. ನೀವು ಟಿವಿ ದನಿ ಏರಿಸಿದ್ರಿ."

ಒಂದು ಟವೆಲ್ ತೆಗೆದುಕೊಂಡು ಮಡಚತೊಡಗಿದರು, ತಪ್ಪು ತಪ್ಪಾಗಿ. "ಕೌನ್ಸಿಲ್‌ನ್ಯಾಗ ಹನ್ನೆರಡು ವರ್ಷಾತು. ಮೀಟಿಂಗಿನ್ಯಾಗ ನಾ ಮಾತಾಡಿದ್ರ ಯಾರೂ ಕೇಳಂಗಿಲ್ಲ. ಅದ ಮಾತ ಇನ್ನೊಬ್ಬ ಹೇಳಿದ್ರ ಗೋಣು ಹಾಕ್ತಾರ. ಈ ಉಳ್ಳಾಗಡ್ಡಿ ಸಿಸ್ಟಮ್ ಒಂದು... ಹೇಳಕೋತ ಹೇಳಕೋತ ನಾನ ಮಾಡೇನಿ ಅಂತ ನನಗ ಖರೇನ ಅನಿಸಿಬಿಟ್ಟಿತ್ತು."

ಆ ಮಾತು ಕೇಳಿ ಬಹಳ ಸಂಕಟವಾಯಿತು. ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ತಿಳಿದಿರಲಿಲ್ಲ. ಅವರ ಪಕ್ಕದಲ್ಲಿ ಕೂತೆ. ಆ ಮೀಟಿಂಗಿನಲ್ಲಿ ಏನು ಹೇಳಿದ್ದಿರಿ ಎಂದು ಕೇಳಿದೆ. ಪೈಪು, ಒತ್ತಡ, ಸೋರಿಕೆ ಎಂದು ಊಟದ ಹೊತ್ತಿನವರೆಗೂ ಹೇಳಿದರು. ಒಳ್ಳೆಯ ಯೋಚನೆಗಳೇ ಇದ್ದವು. ಎರಡು ಕಡೆ ತಪ್ಪಿತ್ತು, ಅದನ್ನೂ ಹೇಳಿದೆ. ಅಂದಮಾತ್ರಕ್ಕೆ ಈರುಳ್ಳಿಯಲ್ಲಿ ಪಾಲು ಕೊಡಲು ಆಗುವುದಿಲ್ಲ. ಅದು ನನ್ನದು.

ನವೆಂಬರ್ ೧೫, ಶನಿವಾರ

ಒಪ್ಪಿದ್ದಾರೆ!! ಎರಡೂ ವಿಷಯಕ್ಕೆ! "ಈಗ ಬರೆದವರು ಕಾಣಿಸುತ್ತಾರೆ" ಎಂದು ಒಂದು ಸಾಲು.

ಅತ್ತೆಯನ್ನು ಹಿಡಿದುಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿಸಿದೆ. "ಬಿಡ, ಸೊಂಟಾ ಮುರೀತಿ" ಎಂದು ಬೈದರು, ಆದರೆ ಕೈ ಬಿಡಲಿಲ್ಲ. ಜಮಖಂಡಿಗೆ ಸುದ್ದಿ ಹೋಯಿತು. ತಾರಾ ಫೋನಿನಲ್ಲೇ ಕಿರುಚಿದಳು.

ಡಿಸೆಂಬರ್ ೫, ಶುಕ್ರವಾರ

ಸಂದರ್ಶನಕ್ಕೆ ಹೆಡ್ ಆಫೀಸಿನಿಂದ ಮೂರು ಜನ ಬಂದಿದ್ದರು. ಸಿಸ್ಟಮ್ ನಿಂತುಹೋದರೆ ಯಾರನ್ನು ಕೇಳುತ್ತೀರಿ ಎಂದರು. ನನ್ನನ್ನೇ ಕೇಳುತ್ತಾರೆ ಎಂದೆ. ಕೆಲಸ ಸಿಕ್ಕಿತು. ನೆಲ್ಸನ್ನಿನಲ್ಲಿರುವ ಕಂಪನಿಯ ಸೇಬಿನ ಶೆಡ್ಡಿಗೂ ಇದೇ ಸಿಸ್ಟಮ್ ಹಾಕಿಕೊಡಬೇಕಂತೆ, ಜನವರಿಯಲ್ಲಿ, ಒಂದು ವಾರ. ಹೋಗುತ್ತೇನೆ ಎಂದು ಅಲ್ಲೇ ಹೇಳಿ ಬಂದೆ. ಮನೆಯಲ್ಲಿ ಸಂಜೆ ಹೇಳಿದರಾಯಿತು.

೨೦೧೫ ಜನವರಿ ೩೦, ಶುಕ್ರವಾರ, ನೆಲ್ಸನ್

ಹೊಸ ವರ್ಷದ ಡೈರಿ ಲಾಸ್ಯಾಳ ಕುದುರೆಗಳ ಪಾಲಾಗಿದೆ. ಇದು ಹಳೇ ಡೈರಿಯ ಕೊನೆಯ ಖಾಲಿ ಹಾಳೆ.

ಮೋಟೆಲಿನ ಕಿಟಕಿಯಿಂದ ಬಂದರು ಕಾಣುತ್ತದೆ. ವಾರವಿಡೀ ಸೇಬು ಸೇಬು ಸೇಬು. ಇಲ್ಲಿಯವರ ಲೇಬಲ್ ಪದ್ಧತಿ ಶುದ್ಧ ಗೊಂದಲ, ಅರ್ಧಕ್ಕರ್ಧ ಕಿತ್ತುಹಾಕಿ ಹೊಸದಾಗಿ ಮಾಡಿದೆ. ಇಲ್ಲಿಯ ಸೂಪರ್‌ವೈಸರ್ ಮೊದಲ ದಿನ ಮುಖ ಗಂಟಿಕ್ಕಿದ್ದ, ಇವತ್ತು ತನ್ನ ತೋಟದ ಪ್ಲಮ್ ಹಣ್ಣು ತಂದುಕೊಟ್ಟ.

ಸಂಜೆ ಸಂಗಮೇಶ್ ಫೋನ್ ಮಾಡಿದರು. ಅಮೆರಿಕದಿಂದ ದೊಡ್ಡ ಲಕೋಟೆ ಬಂದಿದೆಯಂತೆ, ಗಟ್ಟಿ ರಟ್ಟಿನದು, ಮಡಚಬಾರದು ಎಂದು ಮೇಲೆ ಬರೆದಿದೆಯಂತೆ. ಡಿಗ್ರಿ. ಮನೆಗೆ ಯಾರ ಹೆಸರಿಗೆ ಟಪಾಲು ಬಂದರೂ ತೆರೆಯುವವರು ಅವರೇ, ಮೊದಲಿನಿಂದಲೂ. ಹಿಂದೆ ಅತ್ತೆಯ ದನಿ ಕೇಳುತ್ತಿತ್ತು, ದೇವರ ಮುಂದೆ ಇಟ್ಟೇನಿ ಅನ್ನು, ಕುಂಕುಮ ಹಚ್ಚೇನಿ ಅನ್ನು, ಎಂದು.

"ತೆಗೀಲೇನು?" ಎಂದರು ಸಂಗಮೇಶ್. ಬಹಳ ಮೆಲ್ಲಗೆ ಕೇಳಿದರು.

"ಬ್ಯಾಡ್ರಿ. ನಾ ಬಂದು ತೆಗೀತೇನಿ."

"ಹೂಂ, ಹಂಗ ಮಾಡು. ಅದರ ಮ್ಯಾಲೆ ನಿನ್ನ ಹೆಸರ ಐತಿ" ಎಂದರು.

ಫೋನ್ ಇಟ್ಟ ಮೇಲೆ ಅಳು ಬಂತು, ಜೋರಾಗಿ, ಚಿಕ್ಕ ಮಕ್ಕಳಿಗೆ ಬರುವ ಹಾಗೆ. ಯಾಕೆಂದು ಕೂತು ಯೋಚಿಸಿದೆ, ತಿಳಿಯಲಿಲ್ಲ. ದಣಿದಿರಬೇಕು. ಮುಖ ತೊಳೆದುಕೊಂಡು ಪ್ಲಮ್ ಹಣ್ಣು ತಿಂದೆ, ಜೇನಿನಂಥ ಸಿಹಿ. ಉಳಿದದ್ದನ್ನು ಮನೆಗೆ ಒಯ್ಯುತ್ತೇನೆ. ನಾಳೆ ಮಧ್ಯಾಹ್ನ ವಿಮಾನ.